ಮೇ ತಿಂಗಳ ಬಿಸಿಲು ದೀಪಾವಳಿ ತನಕ

ಬೇಯಿಸಿದ ಅಡಿಕೆ ಅಂಗಳಕ್ಕೆ ಹರಡಿದ ದಿನವೇ ಮಳೆ. ಶಿರಸಿ ಕಡೆಯವರಿಗೆ ಮುಂದಿನದು ಹೇಳಬೇಕಾಗಿಲ್ಲ. ಎಲ್ಲ ಬಾಚಿ ಒಳಗೆ ತಂದು, ಡ್ರೈಯರ್‌ಗೆ ಬೆಂಕಿ ಹಾಕಿ ಕೂತಿದ್ದೆವು. ಆಗ ಅಕ್ಕನ ಮಗ ಬ್ಯಾಗಿನಿಂದ ಒಂದು ಬಿಸಿ ಚೀಲ ತೆಗೆದ. ಮೈಕೈ ನೋವಿಗೆ ಇಟ್ಟುಕೊಳ್ಳುವಂಥದ್ದು. ಒಳಗೆ ತಿಳಿ ದ್ರವ, ನಾಣ್ಯದಷ್ಟಗಲದ ಲೋಹದ ಬಿಲ್ಲೆ.

ದೊಡ್ಡಪ್ಪ ಅಡಿಕೆ ಚೊಗರು ಹತ್ತಿದ ಬೆರಳಲ್ಲಿ ಬಿಲ್ಲೆ ಒತ್ತಿದರು. ಟಿಕ್ ಅಂತು. ಬಿಲ್ಲೆಯ ಸುತ್ತ ಬಿಳಿ ಮೂಡಿ, ಎಳೆಎಳೆಯಾಗಿ ಅಂಚಿನವರೆಗೂ ಓಡಿತು. ನೋಡ್ತಾ ನೋಡ್ತಾ ಚೀಲ ಗಟ್ಟಿಯಾಗಿ ಬಿಸಿಯಾಯಿತು.

"ಈ ಬಿಸಿ ಯಾವಾಗಿಂದ ಇದರೊಳಗೆ ಇತ್ತೋ ತಮಾ?"

"ಹೋದ ತಿಂಗಳು ಕುದಿಸಿ ಇಟ್ಟಿದ್ದೆ ಅಜ್ಜ."

"ಹಂಗಾದ್ರೆ ಮೇ ತಿಂಗಳ ಬಿಸ್ಲನ್ನ ದೀಪಾವಳಿ ತನಕ ಇಡ್ಲಿಕ್ಕೆ ಆಗ್ತಾ?"

ಭಾವ ನಕ್ಕುಬಿಟ್ಟ. ಅವನಿಗೆ ಯಾರು ಏನು ಕೇಳಿದರೂ ನಗುವುದೇ ಉತ್ತರ. ನನಗೆ ಮಾತ್ರ ವಾರವಿಡೀ ದೊಡ್ಡಪ್ಪನ ಮಾತೇ ತಲೆಯಲ್ಲಿ. ಅಲ್ಲಿದ್ದ ನಮ್ಮೆಲ್ಲರಿಗಿಂತ ಅವರೇ ಸರಿಯಾದ್ದು ಕೇಳಿದರು.

ಚೀಲದಲ್ಲಿದ್ದದ್ದು ಸೋಡಿಯಂ ಅಸಿಟೇಟ್, ಹರಳಿನೊಳಗೇ ನೀರಿರುವ ಉಪ್ಪು. 58 ಡಿಗ್ರಿಗೆ ಕರಗುತ್ತದೆ, ಕರಗುವಾಗ ಕೆಜಿಗೆ ಸುಮಾರು 250 ಕಿಲೋಜೂಲ್ ಶಾಖ ಹೀರುತ್ತದೆ. ಒಂದು ಹರಳೂ ಉಳಿಯದಂತೆ ಕರಗಿಸಿದರೆ, ಆರಿದ ಮೇಲೂ ದ್ರವವಾಗಿಯೇ ಇರುತ್ತದೆ. ಬಿಲ್ಲೆ ಒತ್ತಿ ಹೆಪ್ಪುಗಟ್ಟಿಸಿದಾಗಲೇ ಹೀರಿದ ಶಾಖ ಹೊರಗೆ ಬರುವುದು. ಬಿಸಿನೀರಿನ ಟ್ಯಾಂಕಿಗೆ ಎಷ್ಟು ಹೊದಿಸಿದರೂ ಬಿಸಿ ಸೋರುತ್ತದೆ. ಇದು ಕೋಣೆಯಷ್ಟೇ ತಣ್ಣಗಿರುತ್ತದೆ, ಸೋರಲಿಕ್ಕೇ ಏನಿಲ್ಲ. ಹಾಗಾಗಿ ತಿಂಗಳುಗಟ್ಟಲೆ ಕಾಯಬಲ್ಲದು.

ಕಷ್ಟ ಬೇರೆ ಕಡೆ ಇದೆ. ಮತ್ತೆ ಮತ್ತೆ ಕರಗಿಸಿದರೆ, ನಿಂತ ಮಜ್ಜಿಗೆಯ ಹಾಗೆ ಉಪ್ಪು ತಳಕ್ಕೆ, ನೀರು ಮೇಲಕ್ಕೆ. 1948ರಲ್ಲಿ ಅಮೆರಿಕದ ಡೋವರ್‌ನಲ್ಲಿ ಮರಿಯಾ ಟೆಲ್ಕೆಸ್ ಎಂಬ ವಿಜ್ಞಾನಿ ಇಂಥದ್ದೇ ಇನ್ನೊಂದು ಉಪ್ಪಾದ ಗ್ಲಾಬರ್ ಉಪ್ಪಿನಲ್ಲಿ ಬಿಸಿಲು ಹಿಡಿದು ಮನೆಯೊಂದನ್ನು ಬೆಚ್ಚಗಿಟ್ಟರು. ಕೆಲವೇ ಚಳಿಗಾಲಕ್ಕೆ ಅಲ್ಲೂ ಉಪ್ಪು ಬೇರ್ಪಟ್ಟು ಕೆಟ್ಟಿತು. ಡೆನ್ಮಾರ್ಕಿನ ತಾಂತ್ರಿಕ ವಿಶ್ವವಿದ್ಯಾಲಯದವರು ಸೋಡಿಯಂ ಅಸಿಟೇಟಿಗೆ ಸ್ವಲ್ಪ ಜಾಸ್ತಿ ನೀರು, ಐಸ್‌ಕ್ರೀಮಿಗೆ ಹಾಕುವ ಕ್ಸಾಂಥನ್ ಗಮ್‌ನಂಥ ಮಂದಕಾರಿ ಸೇರಿಸಿ ನೋಡಿದ್ದಾರೆ. ಶಾಖ ಬೇಗ ಹರಿಯಲಿ ಅಂತ ಗ್ರಾಫೈಟ್ ಪುಡಿಯನ್ನೂ ಬೆರೆಸುತ್ತಾರೆ. ದೊಡ್ಡ ತೊಟ್ಟಿಯಲ್ಲಿ ಇನ್ನೊಂದು ತಲೆನೋವು: ಮುಚ್ಚಳದ ಸಂದಿಯಲ್ಲಿ ಒಂದು ಹರಳು ಉಳಿದರೂ ಸಾಕು, ಬೇಡದ ದಿನ ಎಲ್ಲ ಹೆಪ್ಪುಗಟ್ಟಿ ಕೂಡಿಟ್ಟ ಬಿಸಿ ಹೋಗಿಬಿಡುತ್ತದೆ.

ಲೆಕ್ಕ ಹಾಕಿದೆ. ಒಂದು ಕೆಜಿ ನೀರು ಆವಿಯಾಗಲು ಸುಮಾರು 2,400 ಕಿಲೋಜೂಲ್ ಬೇಕು. ಅಂದರೆ ಹತ್ತು ಕೆಜಿಯಷ್ಟಾದರೂ ಉಪ್ಪು ಬೇಕು. ಕ್ವಿಂಟಲ್‌ಗಟ್ಟಲೆ ಹಸಿ ಅಡಿಕೆಗೆ ಟನ್‌ಗಟ್ಟಲೆ ಬೇಕು. ಪೂರ್ತಿ ಒಣಗಿಸುವ ಮಾತು ಸದ್ಯಕ್ಕೆ ದೂರ. ಆದರೆ ಮಳೆ ಹಿಡಿದ ಮೊದಲ ರಾತ್ರಿ ಬೂಸಲು ಬರದ ಹಾಗೆ ಅಡಿಕೆಯನ್ನು ಬೆಚ್ಚಗಿಟ್ಟರೂ ದೊಡ್ಡದೇ. ಬೆಟ್ಟದಿಂದ ತರುವ ಕಟ್ಟಿಗೆಯಲ್ಲಿ ಅಷ್ಟಾದರೂ ಉಳಿಯುತ್ತದೆ. ನಮ್ಮ ಜಿಲ್ಲೆಯಲ್ಲಿ ಮೇ ಬಿಸಿಲಿಗೇನು ಬರವೇ? ಅದೆಲ್ಲ ಸುಮ್ನೆ ಹಂಚಿನ ಮೇಲೆ ಬಿದ್ದು ಹೋಗುತ್ತಿದೆ.

ಅಕ್ಕನ ಮಗ ಕೊನೇ ವರ್ಷದ ಪ್ರಾಜೆಕ್ಟಿಗೆ ವಿಷಯ ಹುಡುಕುತ್ತಿದ್ದಾನೆ. ಇದನ್ನೇ ತಗೋ ಅಂದಿದ್ದೇನೆ. ಮೊದಲು ಒಂದು ತಟ್ಟಿಯಷ್ಟು ಅಡಿಕೆಗೆ ಮಾಡಿ ನೋಡಲಿ, ಉಪ್ಪಿನ ಖರ್ಚು ನನ್ನದು.