ಹೋಲ್ಡಾನ್, ಇದು ಫುಟ್‌ಪಾತ್!

ಹರಕೆ ಹೊತ್ತಿದ್ದು ನಾನಲ್ಲ, ಅಮ್ಮನೇ. ಮಂಡಿ ಆಪರೇಷನ್ ಆಗಿ ಆಸ್ಪತ್ರೆ ಮಂಚದ ಮೇಲೆ ಮಲಗಿದ್ದಾಗ, ಮತ್ತೆ ಓಡಾಡೋ ಹಾಗಾದರೆ ಮಂಗಳವಾರ ರಾಹುಕಾಲದಲ್ಲಿ ಬನಶಂಕರಿಗೆ ಬಂದು ನಿಂಬೆಹಣ್ಣಿನ ದೀಪ ಹಚ್ಚುತ್ತೀನಿ ಅಂತ ಹೇಳಿಕೊಂಡಿದ್ದಳಂತೆ. ಮಂಗಳವಾರ ರಾಹುಕಾಲ ಮಧ್ಯಾಹ್ನ 3ರಿಂದ 4.30. ಹೋಗುವಾಗ ಆಟೋದಲ್ಲಿ ಹೋದೆವು. ದೀಪ ಹಚ್ಚಿ, ಪ್ರಸಾದ ತಗೊಂಡು ಹೊರಗೆ ಬರುವಷ್ಟರಲ್ಲಿ ಐದು ಗಂಟೆ ಹತ್ತಿರ ಆಗಿತ್ತು. ಆಟೋ ಕರೆಯೋಣ ಅಂದರೆ ಅಮ್ಮ ಕೇಳಲಿಲ್ಲ.

"ಡಾಕ್ಟ್ರು ದಿನಾ ನಡೀರಿ ಅಂದವ್ರೆ. ರೋಡ್ ನೆಟ್ಟಗೈತೆ. ಸುಮ್ನೆ ಬಾ."

ರೋಡೇನೋ ನೆಟ್ಟಗಿದೆ. ಬೆಂಗಳೂರಿನ ಕನಕಪುರ ರಸ್ತೆ, ಬನಶಂಕರಿ ದೇವಸ್ಥಾನದಿಂದ ಸಾರಕ್ಕಿ ಸಿಗ್ನಲ್ ಕಡೆಗೆ. ನಮ್ಮ ಮನೆ ಸಿಗ್ನಲ್ ಆಚೆ. ಆದರೆ ತಿಪಟೂರಿನಿಂದ ಬಂದಿರೋ ಅಮ್ಮನಿಗೆ ಸಂಜೆ ಐದರ ಕನಕಪುರ ರಸ್ತೆ ಅಂದರೆ ಏನು ಅಂತ ಗೊತ್ತಿಲ್ಲ. ನಡುವೆ ಮೆಟ್ರೋ ಕಂಬಗಳು, ಎರಡೂ ಕಡೆ ಬಸ್ಸು, ಟೆಂಪೋ, ಕ್ಯಾಬು. ಆ ಹೊತ್ತಿಗೆ ಕಾರುಗಳು ಒಂದಕ್ಕೊಂದು ಅಂಟಿಕೊಂಡು ನಿಂತಿರುತ್ತವೆ. ಕಾರಿನವರಿಗೆ ಬೇರೆ ದಾರಿ ಇಲ್ಲ, ಕೂತಿರುತ್ತಾರೆ. ಬೈಕಿನವರಿಗೆ ದಾರಿ ಇದೆ. ಅದರ ಮೇಲೆ ನಾವು ನಡೆಯುತ್ತಿದ್ದೆವು.

ಮೊದಲನೆಯ ಹಾರ್ನ್ ಬಂದಾಗ ನಾನು ಅಮ್ಮನ ತೋಳು ಹಿಡಿದು ಅಂಗಡಿ ಗೋಡೆ ಕಡೆಗೆ ಎಳೆದುಕೊಂಡೆ. ಅಭ್ಯಾಸ. ಈ ಊರಲ್ಲಿ ಹಿಂದಿನಿಂದ ಪೀಂ ಅಂದರೆ ತಲೆ ತಿರುಗಿಸೋಕೆ ಮುಂಚೆ ಕಾಲೇ ಸರಿದಿರುತ್ತದೆ. ಸ್ಕೂಟರಿನಲ್ಲಿದ್ದವರು ನಲವತ್ತರ ಆಸುಪಾಸಿನವರು, ಇಸ್ತ್ರಿ ಮಾಡಿದ ಶರ್ಟು, ಮುಂದೆ ಸ್ಕೂಲ್ ಬ್ಯಾಗಿನ ಸಮೇತ ನಿಂತ ಮಗು. "ಥ್ಯಾಂಕ್ಸ್ ಮೇಡಂ" ಅಂತ ಹೇಳಿಯೇ ಹೋದರು. ಫುಟ್‌ಪಾತ್ ಮೇಲೆ ಬರೋರೆಲ್ಲ ಪುಂಡರು ಅಂತ ಅಂದುಕೊಂಡರೆ ತಪ್ಪು. ಬಹಳಷ್ಟು ಜನ ಮರ್ಯಾದಸ್ಥರೇ, ನಗುಮುಖದಿಂದಲೇ ನಮ್ಮನ್ನು ಗೋಡೆಗೆ ಒತ್ತುತ್ತಾರೆ. ಆ ಮನುಷ್ಯರ ಹೆಲ್ಮೆಟ್ ಪಟ್ಟಿಯೂ ಸರಿಯಾಗಿ ಬಿಗಿದಿತ್ತು. ಯಾಕೆಂದರೆ ಹೆಲ್ಮೆಟ್ ಇಲ್ಲದಿದ್ದರೆ ಜಂಕ್ಷನ್ ಕ್ಯಾಮೆರಾ ಹಿಡಿದು ಮೊಬೈಲಿಗೆ ಚಲನ್ ಕಳಿಸುತ್ತದೆ. ಆ ಕ್ಯಾಮೆರಾ ನೋಡೋದು ರೋಡನ್ನ, ಪಕ್ಕದ ಚಪ್ಪಡಿ ಕಲ್ಲನ್ನಲ್ಲ.

ಅಮ್ಮನಿಗೆ ಅರ್ಥವಾಗಲಿಲ್ಲ. "ಇದು ಅವರದಾ, ನಮ್ಮದಾ?" ಅಂತ ಕೇಳಿದಳು. ನಮ್ಮದೇ ಅಂದೆ. "ಮತ್ತೆ ನೀನ್ಯಾಕೆ ಸರಿದೆ?" ನನ್ನ ಹತ್ತಿರ ಉತ್ತರ ಇರಲಿಲ್ಲ, ಅಷ್ಟರಲ್ಲಿ ಇನ್ನೊಂದು ಬಂತು.

ಸ್ವಲ್ಪ ಮುಂದೆ ಟ್ರಾನ್ಸ್‌ಫಾರ್ಮರ್ ಇರೋ ಜಾಗ. ಒಂದು ಪಕ್ಕ ಅದರ ಕಬ್ಬಿಣದ ಬೇಲಿ, ಇನ್ನೊಂದು ಪಕ್ಕ ಫುಟ್‌ಪಾತಿನ ಅಂಚು, ಮಧ್ಯೆ ಒಬ್ಬರು ಆರಾಮಾಗಿ ನಡೆಯುವಷ್ಟು ಜಾಗ. ಅಂಚಿನ ಕಲ್ಲು ಅಲ್ಲಿ ಒಂದು ಅಡಿಗಿಂತ ಎತ್ತರ. ರಸ್ತೆಗಳ ಅಳತೆ ನಿಗದಿ ಮಾಡೋ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಸಂಸ್ಥೆ ಪಾದಚಾರಿಗಳಿಗಾಗಿ 2012ರಲ್ಲಿ ಹೊರಡಿಸಿದ ಮಾರ್ಗಸೂಚಿ ಪ್ರಕಾರ ಈ ಕಲ್ಲು 150 ಮಿಲಿಮೀಟರ್ ದಾಟಬಾರದು, ಅಂದರೆ ಅರ್ಧ ಅಡಿ. ನಡೆಯೋಕೆ ಕಡಿಮೆ ಅಂದರೂ 1.8 ಮೀಟರ್ ಅಗಲ ಖಾಲಿ ಇರಬೇಕು. ಮಂಡಿ ಆಪರೇಷನ್ ಆದವರಿಗೆ ಈ ಅರ್ಧ ಅಡಿಯ ಲೆಕ್ಕ ಯಾರೂ ಹೇಳಿಕೊಡಬೇಕಾಗಿಲ್ಲ. ಫಿಸಿಯೋಥೆರಪಿಯವರು ಅಮ್ಮನಿಗೆ ಬಾಯಿಪಾಠ ಮಾಡಿಸಿದ್ದರು: ಹತ್ತುವಾಗ ಒಳ್ಳೆ ಕಾಲು ಮೊದಲು, ಇಳಿಯುವಾಗ ಆಪರೇಷನ್ ಆದ ಕಾಲು ಮೊದಲು, ಪಕ್ಕದಲ್ಲಿ ಹಿಡಿದುಕೊಳ್ಳೋಕೆ ಏನಾದರೂ ಇರಲೇಬೇಕು. ಅಲ್ಲಿ ಹಿಡಿದುಕೊಳ್ಳೋಕೆ ಇದ್ದದ್ದು ಟ್ರಾನ್ಸ್‌ಫಾರ್ಮರ್ ಬೇಲಿ. ಅದರ ಮೇಲೆ ಅಪಾಯ ಅಂತ ಬರೆದು ತಲೆಬುರುಡೆ ಚಿತ್ರ ಬೇರೆ.

ನಾವು ಆ ಇಕ್ಕಟ್ಟಿನ ಮಧ್ಯದಲ್ಲಿದ್ದಾಗ ಎದುರಿನಿಂದ ಬೈಕುಗಳು ಬಂದವು. ಮುಂದೆ ಒಂದು, ಅದರ ಬೆನ್ನಿಗೆ ನಾಲ್ಕೈದು. ಎದುರಿನಿಂದ ಅಂದರೆ ಗೊತ್ತಾಯಿತಲ್ಲ, ಒನ್‌ವೇಗೆ ಉಲ್ಟಾ. ಒಂದು ಕೆಲಸದಲ್ಲಿ ಎರಡು ತಪ್ಪು.

ಮುಂದಿದ್ದ ಹುಡುಗ ಹಾರ್ನ್ ಹೊಡೆದ. ಅಮ್ಮ ನಿಂತಳು. ಇನ್ನೊಮ್ಮೆ ಹೊಡೆದ. ಅಮ್ಮ ಕೋಲೂರಿಕೊಂಡು ಅವನನ್ನೇ ನೋಡಿದಳು. ಇದು ಹಟ ಅಂತ ಅವರೆಲ್ಲ ಅಂದುಕೊಂಡಿರಬೇಕು. ಹಟ ಅಲ್ಲ. ಹಿಂದೆ ಹೋಗೋಕೆ ಆಗಲ್ಲ, ಕೆಳಗೆ ಇಳಿಯೋಕೆ ಆಗಲ್ಲ, ಪಕ್ಕಕ್ಕೆ ಸರಿಯೋಕೆ ಜಾಗ ಇಲ್ಲ.

"ಅಜ್ಜಿ, ಸ್ವಲ್ಪ ಕೆಳಗಿಳೀರಿ, ಪಾಸ್ ಮಾಡ್ಕೊತೀವಿ" ಅಂದ.

"ಇಳಿಯಕ್ಕಾಗಲ್ಲ ಮಗಾ. ಮಂಡಿ ಆಪ್ರೇಷನ್ ಆಗೈತೆ."

ಆ ಹುಡುಗನಿಗೆ ಪಾಪ ನಾಚಿಕೆ ಆಯಿತು, ಮುಖದಲ್ಲೇ ಕಂಡಿತು. ಹಿಂದಿನವರಿಗೆ ಇದ್ಯಾವುದೂ ಕೇಳಿಸಿಲ್ಲ, ಅವರ ಹಾರ್ನ್ ಅವರು ಹೊಡೆಯುತ್ತಿದ್ದಾರೆ. ಮೂರನೆಯ ಬೈಕಿನ ಹಿಂದೆ ಕೂತಿದ್ದವರು ಎದ್ದು ನಿಂತು ನನಗೆ, "ಮೇಡಂ, ವಯಸ್ಸಾದವರನ್ನ ಈ ಟೈಮಲ್ಲಿ ಯಾಕೆ ಕರ್ಕೊಂಡು ಬರ್ತೀರಾ, ಆಟೋ ಮಾಡ್ಕೊಂಡು ಹೋಗಿ" ಅಂತ ಬುದ್ಧಿ ಹೇಳಿದರು. ನನಗೆ ಸಿಟ್ಟು ನೆತ್ತಿಗೇರಿತು. ಬಾಯಿಗೆ ಬಂದದ್ದೆಲ್ಲ ಇಲ್ಲಿ ಬರೆಯೋಕಾಗಲ್ಲ. ಕೆಳಗೆ ಇಳೀರಿ ಅನ್ನೋದು ಎಷ್ಟು ಸುಲಭದ ಮಾತು ನೋಡಿ. ಕೆಳಗೆ ಅಂದರೆ ಬಸ್ ಹೋಗೋ ಜಾಗ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ, ಅದರಲ್ಲಿ 32,825 ಜನ ನಡೆದು ಹೋಗುತ್ತಿದ್ದವರು. ಇದು ಕೇಂದ್ರ ಸಾರಿಗೆ ಇಲಾಖೆಯೇ ಕೊಟ್ಟ ಲೆಕ್ಕ. ಗಾಡಿ ಓಡಿಸದೆ, ಯಾರಿಗೂ ಅಡ್ಡ ಬರದೆ ಸತ್ತವರೂ ಅದರಲ್ಲಿ ಎಷ್ಟೋ ಜನ ಇರುತ್ತಾರೆ, ಅಲ್ವಾ?

ಆಗ ಬಂದರು ನೋಡಿ ಆ ಯಜಮಾನರು. ಕೈಯಲ್ಲಿ ಸೊಪ್ಪಿನ ಚೀಲ, ಸಾರಕ್ಕಿ ಮಾರ್ಕೆಟ್ಟಿನಿಂದ ಬರುತ್ತಿದ್ದವರು. ಬೈಕುಗಳ ಸಾಲಿನ ಕೊನೆಗೆ ಸಿಕ್ಕಿಹಾಕಿಕೊಂಡಿದ್ದರು. ಪರಿಸ್ಥಿತಿ ನೋಡಿದರು, ಚೀಲವನ್ನು ಬೇಲಿಗೆ ನೇತು ಹಾಕಿದರು (ಹೌದು, ಅದೇ ತಲೆಬುರುಡೆ ಬೇಲಿಗೆ), ಕೊನೆಯ ಬೈಕಿನ ಸೀಟಿನ ಮೇಲೆ ಪಟ್ ಪಟ್ ಅಂತ ಎರಡು ಬಾರಿ ತಟ್ಟಿದರು.

"ಬರ್ಲಿ ಬರ್ಲಿ ಬರ್ಲಿ. ಹಿಂದಕ್ಕೆ. ಬರ್ಲಿ. ರೈಟ್ ರೈಟ್."

ಆ ದನಿಯಲ್ಲಿ ಏನಿತ್ತೋ, ಕೊನೆಯ ಬೈಕಿನವನು ಏನೂ ಕೇಳದೆ ಕಾಲು ಊರಿ ಹಿಂದಕ್ಕೆ ತಳ್ಳಿದ. "ಲೆಫ್ಟ್ ಕಟ್ ಮಾಡಪ್ಪಾ. ಇನ್ನೂ ಬರ್ಲಿ. ಹೋಲ್ಡಾನ್!" ಮೆಡಿಕಲ್ ಶಾಪಿನ ಮುಂದಿನ ರ‍್ಯಾಂಪಿನಲ್ಲಿ ಒಂದು ಬೈಕ್ ಕೆಳಗೆ ಇಳಿಯಿತು. ಆಮೇಲೆ ಇನ್ನೊಂದು. ಮೆಜೆಸ್ಟಿಕ್‌ನಲ್ಲಿ ಬಸ್ ರಿವರ್ಸ್ ತೆಗೆಸೋದನ್ನ ನೋಡಿದವರಿಗೆ ಇವರ ಕೆಲಸ ಏನಾಗಿತ್ತು ಅಂತ ಹೇಳಬೇಕಾಗಿಲ್ಲ. ಆಮೇಲೆ ಕೇಳಿದಾಗ ಅವರೇ ಹೇಳಿದರು, ಬಸ್ ಕಂಡಕ್ಟರ್ ಆಗಿದ್ದು ರಿಟೈರ್ ಆದವರು. ನನಗೆ ಬುದ್ಧಿ ಹೇಳಿದ ಮಹಾಶಯರು ಮಾತ್ರ "ನೀವ್ಯಾರ್ರೀ ಹೇಳೋಕೆ, ಟ್ರಾಫಿಕ್ ಪೊಲೀಸಾ?" ಅಂದರು. "ಅಲ್ಲ ಸ್ವಾಮಿ, ಸೊಪ್ಪು ತಗೊಂಡು ಮನೆಗೆ ಹೋಗೋನು. ಇಳೀರಿ, ಹಿಂದೆ ಪ್ಯಾಸೆಂಜರ್ ಕಾಯ್ತಾವ್ರೆ" ಅಂದರು ಇವರು. ಅಂಗಡಿ ಮುಂದೆ ನಿಂತಿದ್ದವರು ನಕ್ಕರು. ಆ ನಗು ನನ್ನ ಕೂಗಾಟಕ್ಕಿಂತ ಚೆನ್ನಾಗಿ ಕೆಲಸ ಮಾಡಿತು, ಆ ಮನುಷ್ಯರು ಇಳಿದು ಬೈಕಿಗೆ ಜಾಗ ಬಿಟ್ಟರು.

ಈ ನಡುವೆ ಮೊದಲನೆಯ ಹುಡುಗ ತನ್ನ ಸರದಿ ಬರೋತನಕ ಅಮ್ಮನ ಎದುರಿಗೇ ನಿಂತಿರಬೇಕಾಯಿತು. ಬೆನ್ನಿಗೆ ಡೆಲಿವರಿ ಬ್ಯಾಗು. ಅಮ್ಮ ಸುಮ್ಮನಿರೋಳಲ್ಲ. ಯಾವೂರು, ಏನು ಕೆಲಸ, ಮದುವೆ ಆಯಿತಾ, ಎಲ್ಲ ವಿಚಾರಿಸಿದಳು. ಸಿರಾ ಕಡೆಯವನು. ಮುಂದಿನ ಯೂಟರ್ನ್ ತನಕ ಹೋಗಿ ವಾಪಸ್ ಬಂದರೆ ಕಾಲು ಗಂಟೆ ಹೋಗುತ್ತದೆ, ಆಪ್‌ನಲ್ಲಿ ನಿಮಿಷ ಇಳೀತಾ ಇರುತ್ತೆ ಅಜ್ಜಿ, ಅಂದ. ಅವನು ಹೇಳಿದ್ದು ಸುಳ್ಳೇನಲ್ಲ. ಹತ್ತು ನಿಮಿಷದಲ್ಲಿ ಕೊತ್ತಂಬರಿ ಸೊಪ್ಪು ತರಿಸಿಕೊಳ್ಳೋ ನಾವು ಅವನ ಮೇಲೆ ಪೂರ್ತಿ ತಪ್ಪು ಹಾಕೋದು ಕಷ್ಟ. ಆದರೆ ಆ ಸಾಲಿನಲ್ಲಿ ಡೆಲಿವರಿ ಬ್ಯಾಗ್ ಇದ್ದದ್ದು ಅವನೊಬ್ಬನಿಗೇ. ಉಳಿದವರಿಗೆ ಯಾವ ಆಪ್ ಅವಸರ ಮಾಡುತ್ತಿತ್ತು? ಫುಟ್‌ಪಾತ್ ವಿಷಯ ಬಂದ ಕೂಡಲೇ ಎಲ್ಲರೂ ಡೆಲಿವರಿ ಹುಡುಗರ ಕಡೆ ಬೆರಳು ತೋರಿಸುತ್ತಾರೆ, ಅವರ ಟೀ ಶರ್ಟ್ ಬಣ್ಣ ಕಣ್ಣಿಗೆ ಬೀಳುತ್ತದೆ ಅಷ್ಟೇ.

ಸಾರಕ್ಕಿ ಸಿಗ್ನಲ್‌ನಲ್ಲಿ ಟ್ರಾಫಿಕ್ ಪೊಲೀಸರೊಬ್ಬರು ಇದ್ದರು. ಕಂಡಕ್ಟರ್ ಯಜಮಾನರೂ ನಮ್ಮ ಜೊತೆಗೇ ವಾಪಸ್ ಅಲ್ಲಿತನಕ ನಡೆದು ಬಂದಿದ್ದರು, ಸೊಪ್ಪು ಬಾಡಿದರೂ ಪರವಾಗಿಲ್ಲ ಅಂತ. ನಡೆದದ್ದನ್ನ ನಾನು ಪೊಲೀಸರಿಗೆ ಹೇಳಿದೆ. ಅವರು ಬೇಸರದಿಂದಲೇ ಕೇಳಿಸಿಕೊಂಡರು, ಜಗಳಕ್ಕೆ ಬರಲಿಲ್ಲ. "ನಾನೊಬ್ಬ ಫುಟ್‌ಪಾತ್ ಹತ್ತಿ ನಿಂತ್ರೆ ಸಿಗ್ನಲ್ ಯಾರು ನೋಡ್ತಾರೆ ಮೇಡಂ. ನೀವು ಫೋಟೋ ತೆಗೆದು ಟ್ರಾಫಿಕ್ ಪೊಲೀಸ್ ಆಪ್‌ನಲ್ಲಿ ಹಾಕಿ, ನಂಬರ್ ಕಾಣಬೇಕು." ಅವರ ಮಾತಲ್ಲೂ ನ್ಯಾಯ ಇದೆ. ಈ ಊರಲ್ಲಿ ಒಂದು ಕೋಟಿ ದಾಟಿದ ಗಾಡಿಗಳು, ಅದರಲ್ಲಿ ಹೆಚ್ಚುಕಮ್ಮಿ ಮೂರರಲ್ಲಿ ಎರಡು ಪಾಲು ದ್ವಿಚಕ್ರ. ಆದರೆ ಒಂದು ಕೈಯಲ್ಲಿ ಅಮ್ಮನ ತೋಳು, ಇನ್ನೊಂದು ಕೈಯಲ್ಲಿ ಪೂಜೆ ಬುಟ್ಟಿ ಇರೋಳು ನಂಬರ್ ಪ್ಲೇಟ್ ಕಾಣೋ ಹಾಗೆ ಫೋಟೋ ತೆಗೆಯೋದು ಹೇಗೆ? ಪ್ರತಿ ಬಾರಿ ತಾನೇ ಸಾಕ್ಷಿ, ತಾನೇ ಫೋಟೋಗ್ರಾಫರ್ ಆಗಬೇಕು ಅಂದರೆ ನಡೆಯೋರು ನಡೆಯೋದು ಯಾವಾಗ?

ಕಾನೂನು ಇಲ್ಲ ಅಂತಲ್ಲ. 2017ರ ಮೋಟಾರು ವಾಹನ ಚಾಲನಾ ನಿಯಮಗಳಲ್ಲಿ ಸ್ಪಷ್ಟವಾಗಿದೆ, ಸಮವಸ್ತ್ರದಲ್ಲಿರೋ ಪೊಲೀಸರು ಹೇಳಿದರೆ ಹೊರತು ಫುಟ್‌ಪಾತ್ ಮೇಲೆ ಗಾಡಿ ಓಡಿಸೋ ಹಾಗಿಲ್ಲ. ಅದಕ್ಕೂ ಹಿಂದಿನ 1989ರ ನಿಯಮಗಳಲ್ಲೂ ಇದೇ ಇತ್ತು. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಮುಂದೆ ಹೋಗಿ, ಫುಟ್‌ಪಾತ್ ಬಳಸೋ ಹಕ್ಕು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಅಂತ ಹೇಳಿತು. ಅಂಗವಿಕಲರೂ ಬಳಸೋ ಹಾಗೆ ಇರಬೇಕು ಅಂತಲೂ ಹೇಳಿತು. ಇಷ್ಟೆಲ್ಲ ಕಾನೂನು ಆ ಸಂಜೆ ಕೆಲಸ ಮಾಡಿದ್ದು ಯಾವಾಗ? ಸರಿಯೋಕೆ ಆಗದೇ ಇರೋಳು ಒಬ್ಬಳು ದಾರಿಯಲ್ಲಿ ಸಿಕ್ಕಾಗ. ಅವಳ ಮಂಡಿ ಸರಿ ಇದ್ದಿದ್ದರೆ ಅವಳೂ ಸರಿಯುತ್ತಿದ್ದಳು, ನಾನು ಎಳೆದುಕೊಳ್ಳುತ್ತಿದ್ದೆ, ಬೈಕುಗಳು ಹೋಗುತ್ತಿದ್ದವು. ಸರಿಯುವ ಕೆಲಸ ಯಾವಾಗಲೂ ನಡೆಯೋರಿಗೇ ಬಿಟ್ಟಿರೋದರಿಂದಲೇ ಈ ಏರ್ಪಾಡು ಇಷ್ಟು ಸಲೀಸಾಗಿ ನಡೆದುಕೊಂಡು ಬಂದಿದೆ.

ದಂಡದಿಂದ ಭಯ ಬರುತ್ತದೆ ಅನ್ನೋದರ ಮೇಲೂ ನನಗೆ ಅಷ್ಟು ನಂಬಿಕೆ ಉಳಿದಿಲ್ಲ. 2023ರ ಫೆಬ್ರವರಿಯಲ್ಲಿ ಬಾಕಿ ದಂಡಕ್ಕೆ ಶೇ. 50 ರಿಯಾಯಿತಿ ಕೊಟ್ಟಾಗ ಜನ ಕ್ಯೂ ನಿಂತು ಕಟ್ಟಿದರು. 2025ರಲ್ಲಿ ಮತ್ತೆ ಕೊಟ್ಟರು. ಆಷಾಢದ ಸೀರೆ ಸೇಲ್ ತರಹ, ಕಾಯುತ್ತಾ ಇದ್ದರೆ ಇನ್ನೊಂದು ಬಂದೇ ಬರುತ್ತದೆ ಅಂತ ಆಗಿಬಿಟ್ಟರೆ ಯಾರು ಹೆದರುತ್ತಾರೆ.

ಹಾಗಾದರೆ ಬೈಕ್ ನುಗ್ಗದ ಹಾಗೆ ಫುಟ್‌ಪಾತಿಗೆ ಅಡ್ಡ ಕಂಬ ಹಾಕಿ ಅಂತೀರಾ. ಕಂಡಕ್ಟರ್ ಯಜಮಾನರೂ ಅದನ್ನೇ ಹೇಳಿದರು. ಅಲ್ಲೂ ಒಂದು ತಲೆನೋವಿದೆ. ವೀಲ್‌ಚೇರ್ ಹೋಗುವಷ್ಟು ಸಂದಿ ಬಿಟ್ಟರೆ ಸ್ಕೂಟರೂ ನುಗ್ಗುತ್ತದೆ. ಸ್ಕೂಟರ್ ನುಗ್ಗದಷ್ಟು ಹತ್ತಿರ ಹಾಕಿದರೆ ವೀಲ್‌ಚೇರಿನವರು ಹೊರಗೇ ಉಳಿಯುತ್ತಾರೆ. ರೆಸಿಡೆನ್ಸಿ ರಸ್ತೆ, ಕನ್ನಿಂಗ್‌ಹ್ಯಾಂ ರಸ್ತೆಗಳಲ್ಲಿ ಟೆಂಡರ್ ಶ್ಯೂರ್ ಅನ್ನೋ ರಸ್ತೆ ಅಭಿವೃದ್ಧಿ ಯೋಜನೆಯಲ್ಲಿ ಅಗಲವಾದ ಫುಟ್‌ಪಾತ್ ಮಾಡಿದಾಗ ನಡೆಯೋಕೆ ಎಷ್ಟು ಖುಷಿ ಆಗಿತ್ತು, ಆದರೆ ಜಾಗ ಅಗಲ ಆದಷ್ಟೂ ಬೈಕಿಗೂ ಆರಾಮ. ನನ್ನ ಅಂದಾಜಿನಲ್ಲಿ ಕಂಬಕ್ಕಿಂತ ಮೊದಲು ನೋಡಬೇಕಾದದ್ದು ರ‍್ಯಾಂಪುಗಳನ್ನ. ಬೈಕ್ ಒಂದು ಅಡಿ ಕಲ್ಲನ್ನು ಹಾರಿ ಬರೋದಿಲ್ಲ. ಅಂಗಡಿ ಮುಂದೆ, ಗೇಟಿನ ಮುಂದೆ, ಪೆಟ್ರೋಲ್ ಬಂಕ್ ಹತ್ತಿರ, ಅವರವರು ತಮಗೆ ಬೇಕಾದಂತೆ ಸಿಮೆಂಟ್ ಹಾಕಿಕೊಂಡ ಇಳಿಜಾರಿನಲ್ಲಿ ಹತ್ತುತ್ತದೆ, ಮುಂದಿನ ಇಳಿಜಾರಿನಲ್ಲಿ ಇಳಿಯುತ್ತದೆ. ನಮ್ಮ ಎದುರಿಗೆ ಬಂದ ಸಾಲು ಹತ್ತಿದ್ದೂ ಇಳಿದದ್ದೂ ಅದೇ ಮೆಡಿಕಲ್ ಶಾಪಿನ ರ‍್ಯಾಂಪಿನಲ್ಲಿ.

ಯಜಮಾನರು ಆ ವಿಷಯ ಬಿಡಲಿಲ್ಲ. ಆ ರ‍್ಯಾಂಪ್ ಒಡೆದು, ಅಂಚನ್ನು ಅಳತೆ ಪ್ರಕಾರ ತಗ್ಗಿಸಿ, ಅಲ್ಲಿ ಕಂಬ ಹಾಕಬೇಕು ಅಂತ ಅರ್ಜಿ ಬರೆದು ನನ್ನ ಹತ್ತಿರವೂ ಸಹಿ ಮಾಡಿಸಿಕೊಂಡರು. ಅಮ್ಮ ಕನ್ನಡದಲ್ಲಿ ದೊಡ್ಡದಾಗಿ ಸಹಿ ಹಾಕಿದಳು, ಬೆಂಗಳೂರಿನ ವೋಟು ಇಲ್ಲದಿದ್ದರೂ. ಮೊದಲ ತಕರಾರು ಬಂದದ್ದು ಕಚೇರಿಯಿಂದಲ್ಲ, ಅಂಗಡಿಯವರಿಂದ. ಯಜಮಾನರು ಸಹಿ ಕೇಳೋಕೆ ಹೋದಾಗ, ಕಂಬ ಹಾಕಿದರೆ ನಮ್ಮ ಗಿರಾಕಿಗಳು ಗಾಡಿ ಎಲ್ಲಿ ನಿಲ್ಲಿಸಬೇಕು ಅಂತ ಕೇಳಿದರಂತೆ. ಅವರ ಗಿರಾಕಿಗಳಲ್ಲಿ ನಾವೂ ಇದ್ದೇವೆ, ಅಮ್ಮನ ಮಂಡಿ ನೋವಿನ ಮಾತ್ರೆ ಅಲ್ಲಿಂದಲೇ ಬರೋದು.