ಇದ್ರಿಯಾದ ಲೇಸು, ಅವ್ವನ ಕಸೂತಿ

ಸ್ಲೊವೇನಿಯಾದಿಂದ ತಂದ ಅಂಗೈಯಗಲದ ಲೇಸನ್ನು ಅವ್ವನ ಕೈಗಿತ್ತಾಗ ಆಕೆ ಮೊದಲು ಮಾಡಿದ್ದು ಅದನ್ನು ಮಗುಚಿ ಹಿಂಬದಿಯನ್ನು ನೋಡಿದ್ದು. ಧಾರವಾಡದಲ್ಲಿ ಕಸೂತಿ ಕಲಿತವರಿಗೆ ಇದು ಹುಟ್ಟುಗುಣವೆಂಬಷ್ಟು ಸಹಜವಾದ ಅಭ್ಯಾಸ. ಗವಂತಿ ಹೊಲಿಗೆಯಲ್ಲಿ ಬಟ್ಟೆಯ ಎರಡೂ ಬದಿಗೆ ಒಂದೇ ಚಿತ್ತಾರ ಮೂಡಬೇಕು, ಗಂಟು ಎಲ್ಲಿಯೂ ಕಾಣಬಾರದು. ಆದ್ದರಿಂದ ಕಸೂತಿಯ ಹೆಂಗಸರು ಕೆಲಸದ ಯೋಗ್ಯತೆಯನ್ನು ಅಳೆಯುವುದು ಹಿಂಬದಿಯಿಂದಲೇ. ಮುಂಬೈಯ ಮುಲುಂಡಿನಲ್ಲಿರುವ ನಮ್ಮ ಮನೆಯ ಕಿಟಕಿಯ ಬೆಳಕಿಗೆ ಲೇಸನ್ನು ಹಿಡಿದು ಬಹಳ ಹೊತ್ತು ನೋಡಿದ ಅವ್ವ, "ಅರಿವೀನ ಇಲ್ಲಲ್ಲ ಇದಕ್ಕ, ಬರೇ ದಾರ ಐತಿ" ಎಂದಳು. ಆ ಲೇಸಿನ ಮರ್ಮವೇ ಅದು.

ಸ್ಲೊವೇನಿಯಾ 1991ರಲ್ಲಿ ಯುಗೊಸ್ಲಾವಿಯಾದಿಂದ ಬೇರೆಯಾಗಿ ಸ್ವತಂತ್ರವಾದ ದೇಶ. ಅಲ್ಲಿನ ಜನಸಂಖ್ಯೆ ಸುಮಾರು 21 ಲಕ್ಷ. ಮುಂಬೈಯ ಒಂದೆರಡು ಉಪನಗರಗಳಲ್ಲಿಯೇ ಅಷ್ಟು ಜನರಿದ್ದಾರು. ಬ್ಲೆಡ್ ಸರೋವರ, ಪೊಸ್ತೊಯ್ನಾದ ಗುಹೆ, ರಾಜಧಾನಿ ಲುಬ್ಲಿಯಾನಾದಲ್ಲಿ ವಾಸ್ತುಶಿಲ್ಪಿ ಯೋಜೆ ಪ್ಲೆಚ್ನಿಕ್ ಕಟ್ಟಿದ ಸೇತುವೆ ಮತ್ತು ಮಾರುಕಟ್ಟೆ ಇವನ್ನೆಲ್ಲ ನಾನೂ ನೋಡಿದೆ, ಮೆಚ್ಚಿದೆ. ಆದರೆ ಮರಳಿ ಬಂದ ಮೇಲೆ ಮನಸ್ಸು ಹೊರಳುತ್ತಿರುವುದು ರಾಜಧಾನಿಯ ಪಶ್ಚಿಮಕ್ಕೆ ಬೆಟ್ಟಗಳ ನಡುವಿನ ಕಣಿವೆಯಲ್ಲಿರುವ ಇದ್ರಿಯಾ ಎಂಬ ಪುಟ್ಟ ಊರಿನ ಕಡೆಗೆ.

ಇದ್ರಿಯಾ ಬೆಳೆದದ್ದು ಪಾದರಸದಿಂದ. 1490ರಲ್ಲಿ ಮರದ ತೊಟ್ಟಿ ಮಾಡುವವನೊಬ್ಬ ಅದನ್ನು ನೆನೆಸಲು ತೊರೆಯಲ್ಲಿ ಇಟ್ಟಾಗ ತಳದಲ್ಲಿ ಬೆಳ್ಳಿಯಂತೆ ಹೊಳೆಯುವ ಭಾರದ ದ್ರವ ಕಂಡಿತೆಂದು ಊರಿನ ಐತಿಹ್ಯ ಹೇಳುತ್ತದೆ. ಮುಂದೆ ಸುಮಾರು ಐನೂರು ವರ್ಷ ನಡೆದ ಗಣಿ, ಸ್ಪೇನಿನ ಅಲ್ಮಾಡೆನ್ ಬಿಟ್ಟರೆ ಜಗತ್ತಿನಲ್ಲಿಯೇ ಅತಿ ದೊಡ್ಡದೆನಿಸಿತು. 2012ರಲ್ಲಿ ಯುನೆಸ್ಕೊ ಇವೆರಡನ್ನೂ ಒಟ್ಟಾಗಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. 1500ರಲ್ಲಿ ಅಗೆದ ಆಂಟನಿ ಸುರಂಗದೊಳಗೆ ಇಂದು ಪ್ರವಾಸಿಗರೂ ಇಳಿಯಬಹುದು. ನಾನು ಇಳಿದಾಗ ಕಲ್ಲಿನ ಸೀಳುಗಳಲ್ಲಿ ಸಾಸಿವೆಗಿಂತಲೂ ಸಣ್ಣ ಪಾದರಸದ ಹನಿಗಳು ದೀಪದ ಬೆಳಕಿಗೆ ಮಿನುಗುತ್ತಿದ್ದವು. ನೋಡಲು ಎಷ್ಟು ಚೆಂದವೋ ಉಸಿರಿಗೆ ಅಷ್ಟೇ ವಿಷ. ಗಣಿಯಲ್ಲಿ ದುಡಿದವರಿಗೆ ಕೈ ನಡುಗುವ ರೋಗ ಹತ್ತುತ್ತಿತ್ತು. 1754ರಲ್ಲಿ ಅಲ್ಲಿಗೆ ವೈದ್ಯನಾಗಿ ಬಂದ ಸ್ಕೊಪೊಲಿ ಆ ರೋಗಗಳ ಬಗ್ಗೆ ಬರೆದಿದ್ದಾನೆ.

ಗಂಡಸರ ಕೈ ನಡುಗುತ್ತಿದ್ದ ಅದೇ ಮನೆಗಳಲ್ಲಿ ಹೆಂಗಸರು ಕೂದಲೆಳೆಯಷ್ಟೂ ತಪ್ಪದೆ ಲೇಸು ಹೆಣೆಯುತ್ತಿದ್ದರು. ಗಣಿಯ ಸಂಬಳ ಸಾಲದ ಮನೆಗಳಿಗೆ ಲೇಸಿನ ಹಣವೇ ಊರುಗೋಲಾಗಿತ್ತು. 1876ರಲ್ಲಿ ಊರಿನಲ್ಲಿ ಲೇಸಿನ ಶಾಲೆ ತೆರೆಯಿತು. ಇವಾಂಕಾ ಫೆರ್ಯಾಂಚಿಚ್ ಅದರ ಮೊದಲ ಶಿಕ್ಷಕಿ. ನಡುವೆ ಎರಡು ಮಹಾಯುದ್ಧಗಳಾದವು, ಊರನ್ನು ಆಳುವ ದೇಶವೇ ಮತ್ತೆ ಮತ್ತೆ ಬದಲಾಯಿತು, ಆದರೂ ಶಾಲೆ ಇಂದಿಗೂ ನಡೆಯುತ್ತಿದೆ, ಮಕ್ಕಳು ಇಂದಿಗೂ ಕಲಿಯುತ್ತಿದ್ದಾರೆ. ಸ್ಲೊವೇನಿಯಾದ ಈ ಲೇಸುಗಾರಿಕೆಗೆ 2018ರಲ್ಲಿ ಯುನೆಸ್ಕೊದ ಮನ್ನಣೆಯೂ ಸಿಕ್ಕಿತು. ಗಣಿ ಮುಚ್ಚಿತು, ಲೇಸು ಉಳಿಯಿತು.

ಕೆಲಸ ನಡೆಯುವ ಬಗೆಯನ್ನು ಹತ್ತಿರ ಕೂತು ನೋಡಿದೆ. ಉರುಟಾದ ಗಟ್ಟಿ ದಿಂಬಿನ ಮೇಲೆ ಚಿತ್ತಾರ ಬರೆದ ಕಾಗದವನ್ನು ಹೊದಿಸುತ್ತಾರೆ. ಬೆರಳುದ್ದದ ಮರದ ಕಡ್ಡಿಗಳಿಗೆ ದಾರ ಸುತ್ತಿ, ಅವನ್ನು ಜೋಡಿ ಜೋಡಿಯಾಗಿ ದಿಂಬಿನಿಂದ ಇಳಿಬಿಡುತ್ತಾರೆ. ಆಮೇಲೆ ಇರುವುದು ಎರಡೇ ಚಲನೆ: ಒಂದು ಕಡ್ಡಿಯನ್ನು ಇನ್ನೊಂದರ ಮೇಲೆ ಹಾಯಿಸುವುದು, ಇಲ್ಲವೇ ಜೋಡಿಯನ್ನು ಹುರಿಗೊಳಿಸುವುದು. ಅಂಚಿಗೆ ಬಂದಾಗಲೊಮ್ಮೆ ಗುಂಡುಸೂಜಿ ಚುಚ್ಚಿ ದಾರವನ್ನು ನಿಲ್ಲಿಸುತ್ತಾರೆ. ಹೀಗೆ ಕಿರಿದಾದ ಪಟ್ಟಿಯೊಂದು ಹಾವಿನಂತೆ ಬಳುಕುತ್ತ ಸಾಗಿ, ತಾನು ಹಾದುಬಂದ ದಾರಿಯನ್ನು ಮತ್ತೆ ಮುಟ್ಟಿದಲ್ಲಿ ಕೊಕ್ಕೆಸೂಜಿಯಿಂದ ಅಂಚಿಗೆ ಅಂಚನ್ನು ಕೂಡಿಸುತ್ತಾರೆ. ಕಡ್ಡಿಗೆ ಕಡ್ಡಿ ತಾಗುವ ಟಕಟಕ ಸದ್ದು ಕೋಣೆಯ ತುಂಬ ಮಳೆಹನಿಯಂತೆ ಬೀಳುತ್ತಿತ್ತು. ಕಸೂತಿಯಲ್ಲಿ ಬಟ್ಟೆಯ ಎಳೆಯನ್ನು ಎಣಿಸಿಯೇ ಗೋಪುರ, ತೇರು, ಆನೆಗಳನ್ನು ಮೂಡಿಸಬೇಕು, ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವ ಹಾಗಿಲ್ಲ. ಇಲ್ಲಿ ಚಿತ್ರವಿದೆ, ಬಟ್ಟೆಯಿಲ್ಲ.

ಊಟದಲ್ಲಿಯೂ ಇದ್ರಿಯಾಕ್ಕೆ ತನ್ನದೇ ಗುರುತಿದೆ. ಝ್ಲಿಕ್ರೊಫಿ ಎಂಬ ಅಲ್ಲಿನ ಪುಟ್ಟ ಕಡುಬು 2010ರಲ್ಲಿ ಐರೋಪ್ಯ ಒಕ್ಕೂಟದ ಸಾಂಪ್ರದಾಯಿಕ ಖಾದ್ಯದ ಮಾನ್ಯತೆ ಪಡೆಯಿತು. ಬೇಯಿಸಿ ನುರಿದ ಆಲೂಗಡ್ಡೆ, ಈರುಳ್ಳಿ, ಕರಿಮೆಣಸು, ಮಾರ್ಜೊರಮ್ ಎಂಬ ಸುವಾಸನೆಯ ಸೊಪ್ಪು ಸೇರಿದ ಹೂರಣವನ್ನು ತೆಳ್ಳಗಿನ ಕಣಕದಲ್ಲಿ ಮುಚ್ಚಿ, ಮೇಲೆ ಬೆರಳಿನಿಂದ ಒತ್ತಿದರೆ ಅದು ಟೊಪ್ಪಿಗೆಯ ಆಕಾರಕ್ಕೆ ಬರುತ್ತದೆ. ಸಂಪ್ರದಾಯದಂತೆ ಹೂರಣಕ್ಕೆ ಹಂದಿಯ ಕೊಬ್ಬು ಸೇರುವುದರಿಂದ ಸಸ್ಯಾಹಾರಿಗಳು ಮೊದಲೇ ಕೇಳಿಕೊಳ್ಳಬೇಕು. ನನಗೆ ಬೆಣ್ಣೆಯಲ್ಲಿ ಮಾಡಿಕೊಟ್ಟರು. ಹಬ್ಬಕ್ಕೆ ಮಾಡುವ ಪೊತೀತ್ಸಾ ಇನ್ನೊಂದು ಬಗೆ: ಹಾಳೆಯಂತೆ ಲಟ್ಟಿಸಿದ ಹಿಟ್ಟಿಗೆ ಅಕ್ರೋಟಿನ ಹೂರಣ ಸವರಿ, ಚಾಪೆಯಂತೆ ಸುತ್ತಿ, ಬಳೆಯಾಕಾರದ ಅಚ್ಚಿನಲ್ಲಿ ಬೇಯಿಸುತ್ತಾರೆ. ಕತ್ತರಿಸಿದಾಗ ಒಳಗಿನ ಸುರುಳಿ ಸಮನಾಗಿರಬೇಕು, ಎಲ್ಲಿಯೂ ಟೊಳ್ಳಿರಬಾರದು. ಹೋಳಿಗೆಯ ಹೂರಣ ಅಂಚಿನವರೆಗೂ ಬಂದಿದೆಯೇ ಎಂದು ನಮ್ಮ ಹಿರಿಯರು ನೋಡುವ ಕಣ್ಣೇ ಅದು.

ಸ್ಲೊವೇನಿಯಾದ ಇನ್ನೊಂದು ಊರಾದ ರಾದೊವ್ಲಿತ್ಸಾದ ಜೇನುಸಾಕಣೆಯ ವಸ್ತುಸಂಗ್ರಹಾಲಯವನ್ನೂ ತಪ್ಪಿಸಿಕೊಳ್ಳಬಾರದು. ಜೇನುಪೆಟ್ಟಿಗೆಯ ಮುಂದಿನ ಹಲಗೆಗೆ ಚಿತ್ರ ಬರೆಯುವ ಪದ್ಧತಿ ಅಲ್ಲಿ 18ನೇ ಶತಮಾನದಿಂದ ಇದೆ. ಸತ್ತ ಬೇಟೆಗಾರನ ಶವವನ್ನು ಕಾಡಿನ ಪ್ರಾಣಿಗಳು ಹೊತ್ತು ಸಾಗುವ ಚಿತ್ರ ಮಾತ್ರ ನನ್ನ ಕಣ್ಣಿಂದ ಇನ್ನೂ ಹೋಗಿಲ್ಲ. ಮೇ 20ನ್ನು ವಿಶ್ವ ಜೇನುನೊಣ ದಿನವೆಂದು ಆಚರಿಸುವುದೂ ಈ ನಾಡಿನ ಜೇನುಗಾರ ಆಂಟನ್ ಯಾನ್ಷಾನ ನೆನಪಿಗಾಗಿಯೇ.

ನಾನು ತಂದ ಲೇಸು ಎರಡು ದಿನದ ಕೆಲಸವೆಂದು ಮಾರಿದಾಕೆ ಹೇಳಿದ್ದಳು. ಕೊಟ್ಟ ಬೆಲೆಯನ್ನು ರೂಪಾಯಿಯಲ್ಲಿ ಹೇಳಿದಾಗ ಅವ್ವ ಹೌಹಾರುವಳೆಂದುಕೊಂಡಿದ್ದೆ. ಆಕೆ ಶಾಂತವಾಗಿ, "ಅಷ್ಟು ಕೊಡಬೇಕss" ಎಂದಳು. ಮೂವತ್ತು ವರ್ಷಗಳ ಹಿಂದೆ ದಾದರಿನ ವ್ಯಾಪಾರಿಯೊಬ್ಬರಿಗೆ ಆಕೆ ಎರಡು ತಿಂಗಳು ಕಣ್ಣು ಸವೆಸಿ ಇಳಕಲ್ ಸೀರೆಗೆ ಕಸೂತಿ ಹಾಕಿಕೊಟ್ಟಿದ್ದಳು. ಅವರು ಎಣಿಸಿಕೊಟ್ಟ ಹಣ ದಾರದ ಖರ್ಚು ಕಳೆದರೆ ಲೋಕಲ್ ರೈಲಿನ ಪಾಸಿಗೂ ಸಾಲುತ್ತಿರಲಿಲ್ಲ. ಅಂದಿನಿಂದ ಮಾರಾಟಕ್ಕೆಂದು ಸೂಜಿ ಹಿಡಿದಿಲ್ಲ. ಮುಂಬೈಯಲ್ಲಿ ಕನ್ನಡದ ಸಂಘಗಳಿಗೆ ಕೊರತೆಯಿಲ್ಲ, ನಾಟಕ, ಯಕ್ಷಗಾನ, ಕವಿಗೋಷ್ಠಿ ಎಲ್ಲವೂ ನಡೆಯುತ್ತವೆ. ವಾರಕ್ಕೆರಡು ಗಂಟೆ ಮಕ್ಕಳು ಕೂತು ಕಸೂತಿಯ ಮುರ್ಗಿ, ನೇಗಿ, ಮೆಂತಿ ಹೊಲಿಗೆ ಕಲಿಯುವ ಒಂದು ಕೋಣೆಯೂ ಬೇಕೆಂದು ನಾನು ಪ್ರತಿ ಸಭೆಯಲ್ಲಿ ಕೇಳುತ್ತಿದ್ದೇನೆ, ಮುಂದೆಯೂ ಕೇಳುತ್ತೇನೆ.

ಇದ್ರಿಯಾದಲ್ಲಿ ತೆಗೆದ ವಿಡಿಯೊವನ್ನು ಅವ್ವ ಮೊಬೈಲಿನಲ್ಲಿ ನಿಧಾನವಾಗಿ ಓಡಿಸಿ ದಿನವೂ ನೋಡುತ್ತಾಳೆ. ಕಳೆದ ಭಾನುವಾರ ಮೊಮ್ಮಗನ ಎಂಟು ಪೆನ್ಸಿಲುಗಳಿಗೆ ಬಿಳಿ ದಾರ ಸುತ್ತಿ, ಲೋಡುದಿಂಬಿಗೆ ಗುಂಡುಸೂಜಿ ಚುಚ್ಚಿ ಕೂತಿದ್ದಳು. ಸಂಜೆಯ ಹೊತ್ತಿಗೆ ಎರಡು ಬೆರಳಗಲದ ಪಟ್ಟಿ ಸಿದ್ಧವಾಗಿತ್ತು. ಎಡದ ಅಂಚು ಸೊಟ್ಟಗಿತ್ತು. ಅದನ್ನು ಬಿಡಿಸಿ, ದಾರವನ್ನು ಮತ್ತೆ ಪೆನ್ಸಿಲಿಗೆ ಸುತ್ತತೊಡಗಿದಳು.