ಇಥಿಯೋಪಿಯಾದ ಆಪರೇಷನ್ ಕ್ಯಾಂಪ್‌ನಿಂದ ಬಂದ ಮೇಲೆ ನಮ್ಮ ವಾರ್ಡ್ ಚೀಟಿ ಬದಲಾಯಿತು

ನಾನು ಕಲಬುರಗಿಯಲ್ಲಿ ಓಟಿ, ಅಂದರೆ ಆಪರೇಷನ್ ಥಿಯೇಟರ್ ನರ್ಸ್. ಸೀಳುತುಟಿ, ಸೀಳು ಅಂಗುಳದ ಮಕ್ಕಳ ಆಪರೇಷನ್ ಕ್ಯಾಂಪ್‌ಗೆ ಅಂತ ಇಥಿಯೋಪಿಯಾಕ್ಕೆ ಹೋಗಿ ಬಂದಿದ್ದೇನೆ. ಗೊತ್ತಾದವರೆಲ್ಲ ಮೊದಲು ಕೇಳುವುದು ದುಡ್ಡು ಎಷ್ಟು ಕೊಟ್ಟರು ಅಂತ. ಏನೂ ಕೊಡಲ್ಲ, ರಜೆಯೂ ನಮ್ಮದೇ ಖರ್ಚಾಗುತ್ತದೆ. ಆಮೇಲೆ ಊಟದ ವಿಷಯ. ಟೆಫ್ ಅನ್ನೋ ಸಣ್ಣ ಕಾಳಿನ ಹಿಟ್ಟನ್ನು ಹುಳಿ ಬರಿಸಿ ಹೊಯ್ಯುವ ಇಂಜೆರಾ, ಅದರ ಮೇಲೇ ಪಲ್ಯ ಸುರಿದು ಎಲ್ಲರೂ ಒಂದೇ ತಟ್ಟೆಯಲ್ಲಿ ಮುರಿದು ತಿನ್ನುತ್ತಾರೆ. ಜೋಳದ ರೊಟ್ಟಿ ತಿಂದು ಬೆಳೆದವರಿಗೆ ಬೇಗ ರೂಢಿಯಾಗುತ್ತದೆ ಬಿಡಿ. ಹೋಗುವ ಮನಸ್ಸಿದ್ದವರು ಹಳದಿ ಜ್ವರದ ಲಸಿಕೆ ಮಾತ್ರ ಮರೆಯಬೇಡಿ. ಹೊರಡುವುದಕ್ಕೆ ಕನಿಷ್ಠ 10 ದಿನ ಮೊದಲೇ ಹಾಕಿಸಿಕೊಳ್ಳಬೇಕು, ಆ ಕಾರ್ಡ್ ಇಲ್ಲದೆ ವಾಪಸ್ ಬಂದರೆ ನಮ್ಮ ಏರ್‌ಪೋರ್ಟ್‌ನಲ್ಲೇ ತಡೆದು 6 ದಿನದವರೆಗೆ ಪ್ರತ್ಯೇಕವಾಗಿ ಇಡಬಹುದು.

ಆಪರೇಷನ್ ಆದ ಮಕ್ಕಳ ಫೋಟೋ ನೀವು ಎಲ್ಲ ಕಡೆ ನೋಡಿರುತ್ತೀರಿ. ನಾನು ಹೇಳಬೇಕಾಗಿರುವುದು ಆಪರೇಷನ್ ಆಗದೆ ವಾಪಸ್ ಹೋದ ಮಕ್ಕಳ ಬಗ್ಗೆ.

ಕ್ಯಾಂಪ್‌ನಲ್ಲಿ ಮೊದಲು ನಡೆಯುವುದು ತಪಾಸಣೆ. ತುಟಿಯ ಆಪರೇಷನ್‌ಗೆ ಹಳೇ ಲೆಕ್ಕ ಒಂದಿದೆ: ಮಗುವಿಗೆ 10 ವಾರ ತುಂಬಿರಬೇಕು, 10 ಪೌಂಡ್ ಅಂದರೆ ಸುಮಾರು ನಾಲ್ಕೂವರೆ ಕೆಜಿ ಇರಬೇಕು, ಹಿಮೋಗ್ಲೋಬಿನ್ 10 ಇರಬೇಕು. ಅಂಗುಳಕ್ಕೆ ಇನ್ನೂ ಕಾಯಬೇಕು, ಸಾಮಾನ್ಯವಾಗಿ ಒಂಬತ್ತು ತಿಂಗಳಿಂದ ಒಂದೂವರೆ ವರ್ಷದೊಳಗೆ. ಇನ್ನು ನೆಗಡಿ, ಕೆಮ್ಮು. ಅಂಥ ಮಗುವಿಗೆ ಅನಸ್ತೇಶಿಯಾ (ಅರಿವಳಿಕೆ) ಕೊಟ್ಟರೆ ಗಂಟಲು ಬಿಗಿದುಕೊಂಡು ಉಸಿರು ಕಟ್ಟುವ ಅಪಾಯ ಜಾಸ್ತಿ, ಅದಕ್ಕೇ ಕೆಲವು ವಾರ ಮುಂದೂಡುತ್ತಾರೆ. ಕಷ್ಟ ಏನಪ್ಪಾ ಅಂದರೆ, ಅಂಗುಳ ಸೀಳಿದ್ದ ಮಗುವಿಗೆ ಮೊಲೆ ಚೀಪಲು ಬರುವುದಿಲ್ಲ, ಕುಡಿದ ಹಾಲು ಮೂಗಿನಿಂದ ಬರುತ್ತದೆ, ಹಾಗಾಗಿ ತೂಕ ಏರುವುದಿಲ್ಲ, ತೂಕ ಇಲ್ಲ ಅಂತ ನಾವೇ ವಾಪಸ್ ಕಳಿಸುತ್ತೇವೆ.

ಕಲಬುರಗಿಯಲ್ಲಾದರೆ "ಮುಂದಿನ ವಾರ ಬರ್ರಿ" ಅಂದುಬಿಡುತ್ತೇವೆ. ಅಲ್ಲಿ ಮುಂದಿನ ವಾರ ನಮ್ಮ ತಂಡವೇ ಇರುವುದಿಲ್ಲ! ಬಸ್ಸು, ನಡಿಗೆ ಅಂತ ದೂರದಿಂದ ಬಂದವರಿಗೆ ಬೇಡ ಅನ್ನಲು ಬಾಯಿ ಬರುವುದಿಲ್ಲ, ಒಂದು ಕೇಸ್ ತೂಕ ಸ್ವಲ್ಪ ಕಡಿಮೆಯಿದ್ದರೂ ತಗೊಳ್ಳೋಣ ಅಂತ ಎಲ್ಲರಿಗೂ ಒಳಗೊಳಗೇ ಅನ್ನಿಸುತ್ತದೆ. ತಗೊಳ್ಳಬಾರದು.

ಬೇಡ ಅನ್ನುವ ಆ ಕೆಲಸವನ್ನು ಅಲ್ಲಿ ಮಾಡಿದ್ದು ಅದೇ ಆಸ್ಪತ್ರೆಯ ಒಬ್ಬ ನರ್ಸ್. ತಾಯಿಯನ್ನು ಪಕ್ಕಕ್ಕೆ ಕೂರಿಸಿಕೊಂಡು, ಎದೆಹಾಲು ಹಿಂಡಿ, ಮಗುವನ್ನು ನೆಟ್ಟಗೆ ಎತ್ತಿ ಹಿಡಿದು ಚಮಚದಿಂದ ಸ್ವಲ್ಪ ಸ್ವಲ್ಪವೇ ಕುಡಿಸುವುದನ್ನು ತೋರಿಸಿ, ಆ ತಾಯಿಯ ಕೈಯಿಂದಲೇ ಒಮ್ಮೆ ಮಾಡಿಸಿ, ಆಮೇಲೆ ಚೀಟಿ ಬರೆಯುತ್ತಿದ್ದರು. ಈಗ ಯಾಕೆ ಬೇಡ, ಇವತ್ತಿನ ತೂಕ ಎಷ್ಟು, ಎಷ್ಟಾಗಬೇಕು, ಯಾವ ದಿನ ಬರಬೇಕು, ಯಾರನ್ನು ಕೇಳಬೇಕು. ಎಲ್ಲ ಅವರ ಕಾಲದ ಲೆಕ್ಕದಲ್ಲಿ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಇಥಿಯೋಪಿಯಾದಲ್ಲಿ ಗಂಟೆ ಎಣಿಸುವುದು ಬೆಳಗಾದಾಗಿನಿಂದ. ನಮ್ಮ ಬೆಳಿಗ್ಗೆ 7 ಅಂದರೆ ಅವರ 1 ಗಂಟೆ, ನಮ್ಮ 10 ಅವರ 4. ವರ್ಷಕ್ಕೆ 13 ತಿಂಗಳು: 30 ದಿನದ ಹನ್ನೆರಡು, 5 ಅಥವಾ 6 ದಿನದ್ದು ಇನ್ನೊಂದು. ಇಸವಿಯೂ ನಮಗಿಂತ ಏಳೆಂಟು ವರ್ಷ ಹಿಂದೆ. ಈಗ ಯೋಚಿಸಿ, ಆಪರೇಷನ್‌ಗೆ ಮೊದಲು ಎದೆಹಾಲು 4 ಗಂಟೆ, ಬೇರೆ ಹಾಲು 6 ಗಂಟೆ, ನೀರು 2 ಗಂಟೆ ನಿಲ್ಲಿಸಬೇಕು. 8ಕ್ಕೆ ಕೇಸ್ ಅಂದರೆ ನಾವು "ಬೆಳಿಗ್ಗೆ 4ರ ಮೇಲೆ ಎದೆಹಾಲು ಬೇಡ" ಅನ್ನುತ್ತೇವೆ. ಅದನ್ನು ಹಾಗೇ ಹೇಳಿದರೆ ಅಲ್ಲಿನ ತಾಯಿ ನಮ್ಮ ಲೆಕ್ಕದ 10 ಅಂದುಕೊಂಡು ಕೇಸ್‌ಗೆ ಕರೆಯುವವರೆಗೂ ಕುಡಿಸುತ್ತಾಳೆ, ಹೊಟ್ಟೆ ತುಂಬಿದ ಮಗುವಿಗೆ ಅನಸ್ತೇಶಿಯಾ ಕೊಟ್ಟರೆ ಹಾಲು ಮೇಲೆ ಬಂದು ಶ್ವಾಸಕೋಶಕ್ಕೆ ಹೋಗಬಹುದು. ಆ ನರ್ಸ್ ಮೊದಲ ದಿನವೇ ನಮ್ಮನ್ನೆಲ್ಲ ನಿಲ್ಲಿಸಿಕೊಂಡು ಹೇಳಿದ್ದು ಇದನ್ನೇ: ಸಮಯ ನೀವು ಹೇಳಬೇಡಿ, ನಾನೇ ಹೇಳುತ್ತೇನೆ.

ಇಲ್ಲಿಗೆ ಬಂದು ನೋಡಿದರೆ ನಮ್ಮ ಕಥೆಯೂ ಅದೇ. ಚಿಂಚೋಳಿ ಕಡೆಯ ತಾಂಡಾದಿಂದ ಬಂದ ತಾಯಿಗೆ, ಜೇವರ್ಗಿಯಿಂದ ದಿನದ ಕೂಲಿ ಬಿಟ್ಟು ಬಂದ ಅಪ್ಪನಿಗೆ "ಮುಂದಿನ ವಾರ" ಅನ್ನೋದು ಎಲ್ಲಿದೆ? ಮುಂದಿನ ವಾರ ಅವರು ದುಡಿಯಲು ಪುಣೆಗೋ ಮುಂಬೈಗೋ ಹೋಗಿರುತ್ತಾರೆ. ತಾರೀಖು ಬರೆದುಕೊಟ್ಟರೂ ಚೀಟಿ ಜೇಬಿನಲ್ಲೇ ಒಗೆದು ಹೋಗುತ್ತದೆ. ಈಗ ನಾವು ಮೊದಲು ಕೇಳುತ್ತೇವೆ, ಊರಿಗೆ ಯಾವಾಗ ಬರ್ತೀರಿ ಅಂತ. "ಎಳ್ಳಮಾಸಿಗಿ ಬರ್ತೀವ್ರಿ ಸಿಸ್ಟರ್" ಅಂದರೆ ಎಳ್ಳಮಾವಾಸ್ಯೆ ಆದ ಮೂರನೇ ದಿನ ಅಂತಲೇ ಬರೆಯುತ್ತೇವೆ, ಪಕ್ಕಕ್ಕೆ ತಾರೀಖು. ವಾರ್ಡ್ ಫೋನ್ ನಂಬರ್ ದಪ್ಪಕ್ಷರದಲ್ಲಿ. ಚಮಚದಿಂದ ಹಾಲು ಕುಡಿಸಿ ತೋರಿಸುವುದೂ ಈಗ ನಮ್ಮದೇ ಕೆಲಸ. "ಗ್ರಹಣದಾಗ ಈಳಗಿ ಹಿಡದಿದ್ದೆನ್ರಿ, ಅದಕ್ಕ ಹಿಂಗಾತು" ಅಂತ ಅಳುವ ತಾಯಂದಿರಿಗೆ, ಗ್ರಹಣಕ್ಕೂ ಇದಕ್ಕೂ ಸಂಬಂಧ ಇಲ್ಲ, ಬಸಿರಿನ ಮೊದಲ ಮೂರು ತಿಂಗಳಲ್ಲಿ ಕೂಡಬೇಕಾದ ತುಟಿ ಕೂಡಿಲ್ಲ ಅಷ್ಟೇ, ಅಂತ ಅತ್ತೆಯ ಎದುರಿಗೇ ಹೇಳುತ್ತೇವೆ. ಅತ್ತೆ ಇಲ್ಲದಾಗ ಹೇಳಿ ಏನು ಪ್ರಯೋಜನ!

ಓಪಿಡಿ ತುಂಬಿದ್ದಾಗ ಇದೆಲ್ಲ ಕಿರಿಕಿರಿಯೇ. ಒಬ್ಬರಿಗೇ ಇಷ್ಟು ಹೊತ್ತು ಕೂತರೆ ಹೇಗೆ ಅಂತ ಬೈಸಿಕೊಳ್ಳುತ್ತೇವೆ. ಬೈಯುವವರದ್ದೂ ತಪ್ಪಿಲ್ಲ, ಹೊರಗೆ ಸಾಲು ಬಾಗಿಲು ದಾಟಿರುತ್ತದೆ.

ಹೊರದೇಶದ ಕ್ಯಾಂಪ್‌ಗೆ ಹೋಗಬೇಕು ಅನ್ನುವ ಜೂನಿಯರ್‌ಗಳು ನನ್ನನ್ನು ಕೇಳುತ್ತಿರುತ್ತಾರೆ. ಹೋಗಿ. ಸೀಳುತುಟಿ ಆಪರೇಷನ್‌ಗೆ ನೆರವಾಗಲು 1999ರಲ್ಲಿ ಶುರುವಾದ ಸ್ಮೈಲ್ ಟ್ರೈನ್ ಥರದ ಸಂಸ್ಥೆಗಳು ಹೊರಗಿನ ತಂಡ ಕಳಿಸುವುದಕ್ಕಿಂತ ಆಯಾ ಊರಿನ ಡಾಕ್ಟರ್‌ಗಳಿಗೇ ತರಬೇತಿ, ದುಡ್ಡು ಕೊಡುತ್ತವೆ, ನನಗೂ ಅದೇ ಸರಿ ಅನ್ನಿಸುತ್ತದೆ. ಆದರೂ ಕ್ಯಾಂಪ್‌ಗೇ ಹೋಗುವುದಾದರೆ, ಹೆಸರು ಕೊಡುವ ಮೊದಲು ಸಂಘಟಕರನ್ನು ಕೇಳಿ: ನಾವು ಹೊರಟ ಮೇಲೆ ವಾಪಸ್ ಕಳಿಸಿದ ಮಕ್ಕಳ ಪಟ್ಟಿ ಆ ಆಸ್ಪತ್ರೆಯಲ್ಲಿ ಯಾರ ಹತ್ತಿರ ಇರುತ್ತದೆ? ಒಬ್ಬರ ಹೆಸರು ಹೇಳಿದರೆ ಟಿಕೆಟ್ ಬುಕ್ ಮಾಡಿ. "ಅದೆಲ್ಲ ನೋಡ್ಕೋತಾರೆ" ಅಂದರೆ ಆ ರಜೆ ಉಳಿಸಿಕೊಳ್ಳಿ.